ಕುಲುಮೆಯ ಮುಂದೆ ಗ್ರಾಫೀನ್

ಈ ಮಾತುಕತೆಯ ಹಿರಿಯರು ಭದ್ರಾವತಿಯಲ್ಲಿ ಉಕ್ಕಿನ ಕೆಲಸದಲ್ಲಿದ್ದು ನಿವೃತ್ತರಾದವರು. ಕರಗಿದ ಉಕ್ಕನ್ನು ಹಿಡಿದಿಡುವ ಕನ್ವರ್ಟರ್, ಲ್ಯಾಡಲ್‌ಗಳ ಒಳಮೈಗೆ ಯಾವ ಇಟ್ಟಿಗೆ ಕೂರಿಸಬೇಕು, ಅದು ಎಷ್ಟು ಹೀಟು, ಅಂದರೆ ಎಷ್ಟು ಸರದಿ ಉಕ್ಕು, ಬಾಳುತ್ತದೆ ಎಂಬುದೇ ಅವರ ಜೀವಮಾನದ ವಿದ್ಯೆ. ಕಿರಿಯಳು ಅವರ ತಮ್ಮನ ಮಗಳು. ಬೆಂಗಳೂರಿನಲ್ಲಿ ವಸ್ತುವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಸಿಲಿಕಾನ್ ನೈಟ್ರೈಡ್ ಎಂಬ ಸೆರಾಮಿಕ್‌ಗೆ ಇಂಗಾಲದ ತೆಳು ಹಾಳೆಯಾದ ಗ್ರಾಫೀನ್ ಬೆರೆಸಿ, ಬಿಸಿಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆಂದು ನೋಡುವುದು ಅವಳ ಕೆಲಸ. ಒಬ್ಬರು ಟನ್‌ಗಟ್ಟಲೆ ವಸ್ತುವನ್ನು ವರ್ಷಗಟ್ಟಲೆ ಬೆಂಕಿಯಲ್ಲಿ ನೋಡಿದವರು, ಇನ್ನೊಬ್ಬಳು ಗ್ರಾಂ ಲೆಕ್ಕದ ವಸ್ತುವನ್ನು ಸೂಕ್ಷ್ಮದರ್ಶಕದಡಿ ನೋಡುವವಳು. ಹೊಸ ವಸ್ತುಗಳ ಬಗ್ಗೆ ನಮ್ಮಲ್ಲಿ ಬರುವ ಬರಹಗಳು ಹೆಚ್ಚಾಗಿ ಎರಡನೆಯ ನೋಟವನ್ನಷ್ಟೇ ಕೊಡುತ್ತವೆ. ಎರಡೂ ನೋಟಗಳು ಎದುರುಬದುರು ಕೂತದ್ದರಿಂದ ಈ ಮಾತುಕತೆಯನ್ನು ಬರೆದಿಡಬೇಕೆನಿಸಿತು.

ಹಿರಿಯರು: ಗ್ರಾಫೀನ್ ಬಗ್ಗೆ ಪೇಪರಿನಲ್ಲಿ ಓದಿದಾಗೆಲ್ಲ ಒಂದೇ ಮಾತು, ಉಕ್ಕಿಗಿಂತ ಇನ್ನೂರು ಪಟ್ಟು ಗಟ್ಟಿ ಅಂತ. ಮ್ಯಾಂಚೆಸ್ಟರಿನಲ್ಲಿ ಅದನ್ನ ಬೇರ್ಪಡಿಸಿದ್ದು 2004ರಲ್ಲಿ, ಗೈಮ್ ಮತ್ತು ನೊವೊಸೆಲೊವ್‌ಗೆ ನೊಬೆಲ್ ಬಂದದ್ದು 2010ರಲ್ಲಿ. ಅಷ್ಟು ಗಟ್ಟಿಯಾಗಿದ್ದರೆ ಇಷ್ಟು ಹೊತ್ತಿಗೆ ಯಾವುದಾದರೂ ಕುಲುಮೆಯಲ್ಲಿ ಅದು ಕೂತಿರಬೇಕಿತ್ತಲ್ಲಮ್ಮ?

ಕಿರಿಯಳು: ಗಟ್ಟಿ ಅನ್ನೋದು ಸುಳ್ಳಲ್ಲ ದೊಡ್ಡಪ್ಪ. 2008ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದೇ ಪದರದ ಹಾಳೆಯನ್ನ ಸೂಜಿಮೊನೆಯಿಂದ ಒತ್ತಿ ಅಳೆದರು. ಹರಿಯುವ ಮುಂಚೆ ತಡೆದುಕೊಂಡ ಒತ್ತಡ 130 ಗಿಗಾಪಾಸ್ಕಲ್. ಜಗ್ಗದೆ ನಿಲ್ಲುವ ಬಿಗಿ ಸುಮಾರು 1,000 ಗಿಗಾಪಾಸ್ಕಲ್. ಉಕ್ಕಿನ ಬಿಗಿ 200, ಅಲ್ಯೂಮಿನಾದ್ದು 400ರ ಹತ್ತಿರ. ಆದರೆ ಅದು ಒಂದು ಪರಮಾಣು ದಪ್ಪದ, ಒಂದೂ ಕುಂದಿಲ್ಲದ ಹಾಳೆ. ನಮ್ಮ ಲ್ಯಾಬಿಗೆ ಡಬ್ಬಿಯಲ್ಲಿ ಬರೋದು ಹಲವಾರು ಪದರ ಒಂದರ ಮೇಲೊಂದು ಕೂತಿರೋ ಚಕ್ಕೆ. ಅದನ್ನ ಸೆರಾಮಿಕ್‌ಗೆ ಹಾಕಿದರೆ ಬಿಗಿ ಹೆಚ್ಚೋದಿಲ್ಲ, ಸ್ವಲ್ಪ ಇಳಿಯುತ್ತೆ. ಗಡಸುತನವೂ ಸಾಮಾನ್ಯವಾಗಿ ಇಳಿಯುತ್ತೆ.

ಹಿರಿಯರು: ಇಳಿಯುತ್ತೆ ಅಂತ ನೀನೇ ಹೇಳ್ತೀಯ. ಮತ್ತೆ ಹಾಕೋದು ಯಾಕೆ?

ಕಿರಿಯಳು: ಬಿರುಕಿಗೆ. ಸೆರಾಮಿಕ್‌ನ ರೋಗ ಬಿರುಕು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಯೂಮಿನಾ ಕರಗೋದು 2,072 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಜಿರ್ಕೋನಿಯಂ ಡೈಬೋರೈಡ್ 3,200 ದಾಟಿ. ಬಿಸಿ ತಡೆಯೋದರಲ್ಲಿ ಉಕ್ಕು ಇವುಗಳ ಹತ್ತಿರ ಬರೋದಿಲ್ಲ. ಆದರೆ ಒಂದು ಕೂದಲೆಳೆ ಬಿರುಕು ಹೊರಟರೆ ತಡೆಯೋರಿಲ್ಲ. ಬಿರುಕಿಗೆ ಎದುರು ನಿಲ್ಲೋ ಗುಣವನ್ನ ನಾವು ಮೆಗಾಪಾಸ್ಕಲ್ ವರ್ಗಮೂಲ ಮೀಟರ್ ಅನ್ನೋ ಅಳತೆಯಲ್ಲಿ ಹೇಳ್ತೀವಿ. ಆ ಲೆಕ್ಕದಲ್ಲಿ ಅಲ್ಯೂಮಿನಾಕ್ಕೆ 3 ಅಥವಾ 4. ಒಳ್ಳೆಯ ಉಕ್ಕಿಗೆ 50ರ ಮೇಲೆ, ಕೆಲವಕ್ಕೆ 100 ದಾಟುತ್ತೆ.

ಹಿರಿಯರು: ಆ ಅಳತೆ ನಮಗೆ ಗೊತ್ತಿರಲಿಲ್ಲ, ಆದರೆ ಅದರ ಫಲ ಗೊತ್ತಿತ್ತು. ತಣ್ಣಗಿರೋ ಲ್ಯಾಡಲ್‌ಗೆ ಸರಿಯಾಗಿ ಬಿಸಿ ಮಾಡದೆ 1,600 ಡಿಗ್ರಿ ಉಕ್ಕು ಸುರಿದರೆ ಇಟ್ಟಿಗೆಯ ಮುಖವೇ ಪದರ ಪದರವಾಗಿ ಎದ್ದು ಬರುತ್ತೆ. ಇಟ್ಟಿಗೆ ಕರಗಿ ಸಾಯೋದಕ್ಕಿಂತ ಹೀಗೆ ಒಡೆದು ಸಾಯೋದೇ ಹೆಚ್ಚು.

ಕಿರಿಯಳು: ಅಲ್ಲೇ ಗ್ರಾಫೀನ್ ಬರೋದು. ಸೆರಾಮಿಕ್‌ನ ಕಣಗಳ ನಡುವೆ ಈ ಹಾಳೆಗಳು ಕೂತಿರುತ್ತವೆ. ಓಡಿ ಬಂದ ಬಿರುಕು ಹಾಳೆಯನ್ನ ಸೀಳಲಾರದು. ಪಕ್ಕಕ್ಕೆ ತಿರುಗಬೇಕು, ಇಲ್ಲ ಮೇಲೆ ಹತ್ತಿ ದಾಟಬೇಕು. ಬಿರುಕು ಬಾಯಿ ಬಿಟ್ಟರೂ ಹಾಳೆ ಎರಡೂ ದಡ ಹಿಡಿದುಕೊಂಡಿರುತ್ತೆ, ಎಳೆದು ಕಿತ್ತುಕೊಂಡು ಬರೋವಾಗಲೂ ಶಕ್ತಿ ತಿನ್ನುತ್ತೆ. 2011ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಎರಿಕಾ ಕೊರಲ್ ಮತ್ತು ಜೊತೆಗಾರರು ಸಿಲಿಕಾನ್ ನೈಟ್ರೈಡ್‌ಗೆ ಗಾತ್ರದ ಲೆಕ್ಕದಲ್ಲಿ ಒಂದೂವರೆ ಶೇಕಡಾ ಗ್ರಾಫೀನ್ ಹಾಕಿದರು. ಹಾಳೆಗಳು ಒಂದೊಂದು ಕಣವನ್ನೂ ಸುತ್ತಿ ಪಂಜರದ ಹಾಗೆ ಕೂತಿದ್ದವು. ಬಿರುಕು ತಡೆಯೋ ಗುಣ 2.8ರಿಂದ 6.6ಕ್ಕೆ ಏರಿತು. 235 ಶೇಕಡಾ ಹೆಚ್ಚಳ ಅಂತ ಪ್ರಕಟವಾಯಿತು.

ಹಿರಿಯರು: ನಿಲ್ಲು. 2.8 ಹೋಗಿ 6.6 ಆದರೆ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಯಿತು. ಹೆಚ್ಚಳ ಅಂತ ಲೆಕ್ಕ ಹಾಕಿದರೆ 136 ಶೇಕಡಾ, 235 ಅಲ್ಲ.

ಕಿರಿಯಳು: ಹೌದು, ಲೆಕ್ಕ ನೀವು ಹೇಳೋ ಹಾಗೇನೇ. 235 ಅನ್ನೋದು ಮೊದಲಿನದರ ಎಷ್ಟು ಪಟ್ಟು ಅನ್ನೋ ಅಂಕಿ.

ಹಿರಿಯರು: ಇನ್ನೊಂದು ಕೇಳ್ತೀನಿ. ಗ್ರಾಫೀನ್ ಇಲ್ಲದ ಸಿಲಿಕಾನ್ ನೈಟ್ರೈಡ್, ಮಾರುಕಟ್ಟೆಯಲ್ಲಿ ಬೇರಿಂಗಿಗೆ ಸಿಗೋದು, ಎಷ್ಟಿರುತ್ತೆ?

ಕಿರಿಯಳು: ಆರು, ಏಳು. ಅದರ ಕಣಗಳನ್ನ ಉದ್ದುದ್ದ ಕಡ್ಡಿಗಳಾಗಿ ಬೆಳೆಯೋಕೆ ಬಿಟ್ಟರೆ ಅವೇ ಬಿರುಕು ತಡೆಯುತ್ತವೆ.

ಹಿರಿಯರು: ಅಲ್ಲಿಗೆ, ಕಣ ಬೆಳೆಯದ ದುರ್ಬಲ ವಸ್ತುವಿಗೆ ಗ್ರಾಫೀನ್ ಹಾಕಿ, ಗ್ರಾಫೀನ್ ಇಲ್ಲದೆಯೇ ಅಂಗಡಿಯಲ್ಲಿ ಸಿಗೋ ವಸ್ತುವಿನ ಮಟ್ಟಕ್ಕೆ ತಂದ ಹಾಗಾಯಿತು.

ಕಿರಿಯಳು: ಆ ಒಂದು ಪ್ರಯೋಗದ ಮಟ್ಟಿಗೆ ಹಾಗನ್ನಬಹುದು. ಆದರೆ ಅದು ಮೊದಲ ಹೆಜ್ಜೆ. ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 2014ರಲ್ಲಿ ಸ್ಪೇನಿನ ಗುಂಪೊಂದು ಸುಮಾರು 4 ಶೇಕಡಾ ಹಾಳೆ ಹಾಕಿ 10ರ ಆಸುಪಾಸು ತಲುಪಿತು. ಬಾಗಿಸಿದಾಗಿನ ಬಲವೂ ಚೆನ್ನಾಗಿತ್ತು. ಬೇರಿಂಗಿನ ಸಿಲಿಕಾನ್ ನೈಟ್ರೈಡ್‌ಗಿಂತ ಅದು ಸ್ಪಷ್ಟವಾಗಿ ಮೇಲು. ಮೊದಲ ಪ್ರಯೋಗದ ಆಧಾರ ದುರ್ಬಲ ಅಂತ ಇಡೀ ದಾರಿಯನ್ನೇ ತಳ್ಳಿಹಾಕೋದು ನ್ಯಾಯವಲ್ಲ.

ಹಿರಿಯರು: ತಳ್ಳಿಹಾಕ್ತಿಲ್ಲ. ಅಳೆದದ್ದು ಹೇಗೆ ಅಂತ ಕೇಳ್ತಿದೀನಿ.

ಈ ಪ್ರಶ್ನೆಗೆ ಒಂದು ಹಿನ್ನೆಲೆ ಇದೆ, ಅದನ್ನು ಹೇಳದೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಸೆರಾಮಿಕ್‌ನ ಬಿರುಕು ತಡೆಯುವ ಗುಣವನ್ನು ಅಳೆಯಲು ಎರಡು ದಾರಿಗಳು ಹೆಚ್ಚು ಬಳಕೆಯಲ್ಲಿವೆ. ಒಂದು, ವಿಕರ್ಸ್ ಒತ್ತು: ಪಿರಮಿಡ್ ಆಕಾರದ ವಜ್ರದ ಮೊನೆಯನ್ನು ಮೇಲ್ಮೈಗೆ ಒತ್ತಿ, ನಾಲ್ಕು ಮೂಲೆಗಳಿಂದ ಹೊರಟ ಬಿರುಕಿನ ಉದ್ದ ಅಳೆದು, ಸೂತ್ರಕ್ಕೆ ಹಾಕುವುದು. ಉಗುರಿನಷ್ಟು ವಸ್ತುವಿದ್ದರೆ ಸಾಕು, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಇನ್ನೊಂದು, ಪಟ್ಟಿ ಕೊಯ್ದು, ಅದರಲ್ಲಿ ಚೂಪಾದ ಕಚ್ಚು ಮಾಡಿ, ಬಾಗಿಸಿ ಮುರಿಯುವುದು. ಇದಕ್ಕೆ ವಸ್ತು, ಸಮಯ, ದುಡ್ಡು ಎಲ್ಲವೂ ಹೆಚ್ಚು ಬೇಕು. 2003ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಅಮಿಯ ಮುಖರ್ಜಿಯವರ ಗುಂಪು ಅಲ್ಯೂಮಿನಾಕ್ಕೆ ಇಂಗಾಲದ ನ್ಯಾನೊಕೊಳವೆ ಸೇರಿಸಿ, ಮೊದಲ ದಾರಿಯಲ್ಲಿ ಅಳೆದು, 9.7 ಎಂದು ವರದಿ ಮಾಡಿತು. ಅಲ್ಯೂಮಿನಾದ ಸುಮಾರು ಮೂರು ಪಟ್ಟು ಅದು, ದೊಡ್ಡ ಸುದ್ದಿಯಾಯಿತು. ಮರುವರ್ಷವೇ ನಿತಿನ್ ಪಾಡ್ತೂರೆ ಮತ್ತು ಜೊತೆಗಾರರು ಅಂಥದೇ ವಸ್ತುವನ್ನು ಎರಡನೆಯ ದಾರಿಯಲ್ಲಿ ಅಳೆದರು. ಹೆಚ್ಚಳ ಬಹುಪಾಲು ಮಾಯವಾಯಿತು. ಮೊನೆ ಒತ್ತಿದ ಜಾಗದಲ್ಲಿ ವಸ್ತು ಒಳಗೊಳಗೇ ಜಾರಿ ಕುಸಿದು ಒತ್ತಡ ನುಂಗಿಕೊಂಡಿತ್ತು. ಅದರಿಂದ ಬಿರುಕು ಚಿಕ್ಕದಾಗಿ ಕಂಡಿತೇ ಹೊರತು ಬಿರುಕಿಗೆ ತಡೆ ಹೆಚ್ಚಿರಲಿಲ್ಲ.

ಕಿರಿಯಳು: ಆ ಪ್ರಕರಣ ನಮಗೆಲ್ಲ ಪಾಠ ದೊಡ್ಡಪ್ಪ. 2007ರಲ್ಲಿ ಜಾರ್ಜ್ ಕ್ವಿನ್, ರಿಚರ್ಡ್ ಬ್ರಾಡ್ಟ್ ಅನ್ನೋ ಇಬ್ಬರು ಸೆರಾಮಿಕ್ ತಜ್ಞರು, ಈ ಗುಣ ಅಳೆಯೋಕೆ ವಿಕರ್ಸ್ ಒತ್ತನ್ನ ಇನ್ನು ಒಪ್ಪಲೇಬಾರದು ಅಂತ ಖಡಾಖಂಡಿತವಾಗಿ ಬರೆದರು.

ಹಿರಿಯರು: ಬರೆದ ಮೇಲೂ ಬಳಸ್ತಾರಾ?

ಕಿರಿಯಳು: ಬಳಸ್ತಾರೆ. ಗ್ರಾಫೀನ್ ಸೆರಾಮಿಕ್ ಕೆಲಸದಲ್ಲಿ ಇವತ್ತಿಗೂ ಬಹಳಷ್ಟು ಅಂಕಿಗಳು ಆ ಒತ್ತಿನಿಂದಲೇ ಬಂದಿರೋದು. ಅದಕ್ಕೆ ನಾನು ಪಟ್ಟಿ ಮುರಿದು ಅಳೀತಿದೀನಿ. ಅಂಕಿ ಸಣ್ಣದು ಬಂದರೂ ನಿಜವಾದ ಅಂಕಿ ಬರಲಿ.

ಹಿರಿಯರು: ಆ ಪಾಡ್ತೂರೆಯವರ ಕೆಲಸದಲ್ಲಿ ಇನ್ನೊಂದು ವಿಷಯ ಇದೆ. ನ್ಯಾನೊಕೊಳವೆ ಬದಲು ಸಾದಾ ಗ್ರಾಫೈಟ್ ಹಾಕಿದ ಅಲ್ಯೂಮಿನಾವೂ ಒತ್ತಿನಲ್ಲಿ ಅದೇ ಥರ ನಡೆದುಕೊಂಡಿತು ಅಲ್ವಾ? ಹಾಗಾದರೆ ನಾವು ಇಟ್ಟಿಗೆಗೆ ಹಾಕೋ ಗ್ರಾಫೈಟಿಗೂ ನಿಮ್ಮ ಗ್ರಾಫೀನ್‌ಗೂ ಏನು ವ್ಯತ್ಯಾಸ? ಕನ್ವರ್ಟರಿನ ಇಟ್ಟಿಗೆ ಮೆಗ್ನೀಷಿಯಾ ಮತ್ತು ಗ್ರಾಫೈಟ್. ಗ್ರಾಫೈಟ್ ಚಕ್ಕೆ ನೂರಕ್ಕೆ ಹತ್ತು, ಹದಿನೈದು ಇರುತ್ತೆ. ಅದು ಬಿಸಿಯನ್ನ ಬೇಗ ಹರಡುತ್ತೆ, ಬಿರುಕನ್ನ ತಿರುಗಿಸುತ್ತೆ, ಕಿಟ್ಟ ಒಳಗೆ ಇಳಿಯದ ಹಾಗೆ ನೋಡಿಕೊಳ್ಳುತ್ತೆ. ಅಕ್ಕಸಾಲಿಗರ ಮೂಸೆಯಲ್ಲೂ ಜೇಡಿಮಣ್ಣಿನ ಜೊತೆ ಗ್ರಾಫೈಟ್ ಇದೆ. ಇನ್ನೂ ಹಿಂದೆ ಹೋಗು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಉಕ್ಕು ಮಾಡ್ತಿದ್ದವರು ಮೂಸೆಯ ಮಣ್ಣಿಗೆ ಭತ್ತದ ಹೊಟ್ಟು ಕಲಸ್ತಿದ್ದರು. ಹೊಟ್ಟು ಸುಟ್ಟು ಇಂಗಾಲವಾಗಿ, ಸಿಲಿಕಾ ಆಗಿ ಮೂಸೆಯ ಗೋಡೆಯಲ್ಲೇ ಉಳೀತಿತ್ತು. ಸೆರಾಮಿಕ್‌ಗೆ ಇಂಗಾಲ ಬೆರೆಸಿ ಬೆಂಕಿಗೆ ಒಡ್ಡೋದು ಈ ನೆಲಕ್ಕೆ ಹೊಸದಲ್ಲ.

ಕಿರಿಯಳು: ಹೊಸದಲ್ಲ, ಒಪ್ಪಿದೆ. ವ್ಯತ್ಯಾಸ ಇರೋದು ಪ್ರಮಾಣದಲ್ಲಿ. ನೀವು ಹದಿನೈದು ಶೇಕಡಾ ಹಾಕಿ ಪಡೆಯೋದನ್ನ ನಾವು ಎರಡು, ಮೂರು ಶೇಕಡಾದಲ್ಲಿ ಪಡೆಯೋಕೆ ನೋಡ್ತೀವಿ. ಗ್ರಾಫೈಟ್ ಚಕ್ಕೆಯ ದಪ್ಪ ಮೈಕ್ರಾನ್‌ಗಳ ಲೆಕ್ಕ, ನಮ್ಮದು ನ್ಯಾನೊಮೀಟರುಗಳ ಲೆಕ್ಕ. ತೂಕ ಅಷ್ಟೇ ಇದ್ದರೂ ಹಾಳೆಗಳ ಸಂಖ್ಯೆ ಸಾವಿರಾರು ಪಟ್ಟು. ಪ್ರತಿ ಕಣದ ಅಂಚಿಗೂ ಒಂದು ಹಾಳೆ ಸಿಗುತ್ತೆ. ದಪ್ಪ ಗ್ರಾಫೈಟ್ ಚಕ್ಕೆ ಚೆನ್ನಾಗಿ ಬೆಂದ ಸೆರಾಮಿಕ್‌ನಲ್ಲಿ ತಾನೇ ಒಂದು ದೋಷವಾಗಿ, ಅಲ್ಲಿಂದಲೇ ಬಿರುಕು ಶುರುವಾಗುತ್ತೆ.

ಹಿರಿಯರು: ನಿನ್ನ ಹಾಳೆ ಒಂದಕ್ಕೊಂದು ಅಂಟಿಕೊಳ್ಳೋದಿಲ್ಲವಾ?

ಕಿರಿಯಳು: ಅಂಟುತ್ತೆ. ನಮ್ಮ ದೊಡ್ಡ ತಲೆನೋವೇ ಅದು. ಹಿಟ್ಟು ಸರಿಯಾಗಿ ತಿರುವದ ಮುದ್ದೆಯಲ್ಲಿ ಗಂಟು ಉಳಿದ ಹಾಗೆ ಹಾಳೆಗಳು ಗುಂಪುಕಟ್ಟಿ ಉಳಿದರೆ ಗ್ರಾಫೀನ್ ಹಾಕಿ ಪ್ರಯೋಜನವಿಲ್ಲ. ಸೆರಾಮಿಕ್‌ನ ಬಲವನ್ನ ನಿರ್ಧರಿಸೋದು ಸರಾಸರಿ ಅಲ್ಲ, ಅದರೊಳಗಿನ ಅತಿ ದೊಡ್ಡ ದೋಷ. ಒಂದು ಗಂಟು ಸಾಕು ಪಟ್ಟಿ ಮುರಿಯೋಕೆ. ಅದಕ್ಕೇ ಕೆಲವರು ಗ್ರಾಫೀನ್ ಆಕ್ಸೈಡ್‌ನಿಂದ ಶುರು ಮಾಡ್ತಾರೆ. ಅದು ನೀರಿನಲ್ಲಿ ಚೆನ್ನಾಗಿ ಹರಡಿಕೊಳ್ಳುತ್ತೆ, ಸೆರಾಮಿಕ್ ಪುಡಿಯ ಜೊತೆ ಬೆರೆತ ಮೇಲೆ ಬಿಸಿಯಲ್ಲಿ ಆಮ್ಲಜನಕ ಕಳೆದುಕೊಂಡು ಗ್ರಾಫೀನ್‌ನ ಹತ್ತಿರಕ್ಕೆ ಬರುತ್ತೆ.

ಹಿರಿಯರು: ಬೇಯಿಸೋದು?

ಕಿರಿಯಳು: ಸ್ಪಾರ್ಕ್ ಪ್ಲಾಸ್ಮಾ ಸಿಂಟರಿಂಗ್. ಗ್ರಾಫೈಟಿನ ಅಚ್ಚಿನಲ್ಲಿ ಪುಡಿ ತುಂಬಿ, ಒತ್ತಿ ಹಿಡಿದು, ಅಚ್ಚಿನ ಮೂಲಕವೇ ಭಾರಿ ವಿದ್ಯುತ್ ಹರಿಸ್ತೀವಿ. ನಿಮಿಷಕ್ಕೆ ನೂರು ಡಿಗ್ರಿ ಏರುತ್ತೆ. ಕುಲುಮೆಯಲ್ಲಿ ಗಂಟೆಗಟ್ಟಲೆ ಹಿಡಿಯೋದು ಕೆಲವೇ ನಿಮಿಷದಲ್ಲಿ ಮುಗಿಯುತ್ತೆ, ಹಾಳೆ ಹಾಳಾಗೋಕೆ ಸಮಯವೇ ಸಿಗೋದಿಲ್ಲ. ಅಲ್ಯೂಮಿನಾದ ಜೊತೆ ಜಾಸ್ತಿ ಹೊತ್ತು ಬಿಟ್ಟರೆ ಇಂಗಾಲ ಅದರ ಆಮ್ಲಜನಕವನ್ನೇ ಕಿತ್ತುಕೊಂಡು ಅನಿಲವಾಗಿ ಹೋಗಿಬಿಡುತ್ತೆ. ಒತ್ತಿ ಬೇಯಿಸೋದರಿಂದ ಹಾಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗುತ್ತವೆ. ಅದಕ್ಕೆ ವಸ್ತುವಿನ ಗುಣ ಒಂದು ದಿಕ್ಕಿನಲ್ಲಿ ಒಂದು ಥರ, ಇನ್ನೊಂದು ದಿಕ್ಕಿನಲ್ಲಿ ಇನ್ನೊಂದು ಥರ.

ಹಿರಿಯರು: ಬಿರುಕು ಹಾಳೆಗೆ ಅಡ್ಡಲಾಗಿ ಬಂದರೆ ನಿಲ್ಲುತ್ತೆ. ಹಾಳೆಯ ಜೊತೆಜೊತೆಗೇ ಓಡಿದರೆ?

ಕಿರಿಯಳು: ಸುಲಭವಾಗಿ ಓಡುತ್ತೆ. ಹಾಳೆಹಾಳೆಯ ನಡುವಿನ ಹಿಡಿತ ಬಹಳ ದುರ್ಬಲ. ಜಗತ್ತಿನ ಅತ್ಯಂತ ಗಟ್ಟಿ ಹಾಳೆಯನ್ನ ನಾವು ಬಳಸ್ತಿರೋದು ಬಿರುಕು ದಾರಿ ತಪ್ಪೋ ದುರ್ಬಲ ಜಾಗವಾಗಿ. ಇದು ವಿಚಿತ್ರ ಅನ್ನಿಸಬಹುದು, ಆದರೆ ವಿಮಾನದ ಎಂಜಿನ್ನಿನಲ್ಲಿ ಇದೇ ತತ್ವ ಈಗಾಗಲೇ ಹಾರ್ತಿದೆ. 2016ರಲ್ಲಿ ಸೇವೆಗೆ ಬಂದ ಲೀಪ್ ಎಂಜಿನ್ನಿನ ಟರ್ಬೈನ್ ಸುತ್ತಿನ ಕವಚ ಸಿಲಿಕಾನ್ ಕಾರ್ಬೈಡ್ ನಾರನ್ನ ಸಿಲಿಕಾನ್ ಕಾರ್ಬೈಡ್‌ನಲ್ಲೇ ಹುದುಗಿಸಿ ಮಾಡಿದ್ದು. ನಾರಿನ ಮೇಲೆ ಬೋರಾನ್ ನೈಟ್ರೈಡ್‌ನ ತೆಳು ಲೇಪ ಇದೆ. ಬಿರುಕು ಅಲ್ಲಿಗೆ ಬಂದು ಪಕ್ಕಕ್ಕೆ ಜಾರುತ್ತೆ, ನಾರು ಉಳಿಯುತ್ತೆ. ನಿಕ್ಕಲ್ ಮಿಶ್ರಲೋಹದ ಮೂರನೇ ಒಂದು ಭಾಗದ ತೂಕ, ಸುಮಾರು 1,300 ಡಿಗ್ರಿ ತಡೆಯುತ್ತೆ.

ಹಿರಿಯರು: ಅದನ್ನ ನಾನು ಮೆಚ್ಚಿದೆ. ಆದರೆ ಅದು ಉದ್ದನೆಯ ನಾರು, ಅದರ ಹಿಂದೆ ದಶಕಗಳ ಪರೀಕ್ಷೆ ಇದೆ. ನಿನ್ನದು ಸಣ್ಣ ಚಕ್ಕೆ. ಹೋಗಲಿ, ನನ್ನ ನಿಜವಾದ ಪ್ರಶ್ನೆಗೆ ಬರ್ತೀನಿ. ಇಷ್ಟು ಹೊತ್ತು ನೀನು ಹೇಳಿದ ಅಂಕಿಗಳಲ್ಲಿ ಬಿಸಿಯಲ್ಲಿ ಅಳೆದದ್ದು ಯಾವುದು?

ಕಿರಿಯಳು: 2.8, 6.6 ಎಲ್ಲ ಕೋಣೆಯ ಉಷ್ಣತೆಯಲ್ಲಿ.

ಹಿರಿಯರು: ಬಿಸಿಗಾಗಿ ಮಾಡಿದ ವಸ್ತು, ಅಳೆಯೋದು ತಣ್ಣಗೆ. ಗ್ರಾಫೀನ್ ಅಂದರೆ ಇಂಗಾಲ. ಇಂಗಾಲ ಗಾಳಿಯಲ್ಲಿ ಉರಿಯುತ್ತೆ. ನಿನ್ನ ಹಾಳೆ ಎಷ್ಟು ಡಿಗ್ರಿಗೆ ಉರಿಯೋಕೆ ಶುರು?

ಕಿರಿಯಳು: ಗಾಳಿಯಲ್ಲಿ ಬಿಟ್ಟರೆ 500, 600ರ ನಡುವೆ. ಒಂದೇ ಪದರವಾದರೆ ಇನ್ನೂ ಮುಂಚೆ ತೂತು ಬೀಳುತ್ತೆ. ಆದರೆ ಸೆರಾಮಿಕ್‌ನ ಒಳಗಿದ್ದಾಗ ಅದು ಗಾಳಿಯಲ್ಲಿಲ್ಲ ದೊಡ್ಡಪ್ಪ. ರಂಧ್ರವಿಲ್ಲದ ಹಾಗೆ ಬೆಂದಿದ್ದರೆ ಮೇಲ್ಮೈಗೆ ಮುಖ ಮಾಡಿರೋ ಹಾಳೆಗಳು ಉರಿದು ಹೋಗುತ್ತವೆ, ಒಳಗಿನವು ಉಳಿಯುತ್ತವೆ. ಸಿಲಿಕಾನ್ ನೈಟ್ರೈಡ್, ಸಿಲಿಕಾನ್ ಕಾರ್ಬೈಡ್‌ಗಳ ಮೈಮೇಲೆ ಬಿಸಿಯಲ್ಲಿ ಸಿಲಿಕಾ ಪೊರೆ ಬೆಳೆದು ಬಾಗಿಲು ಮುಚ್ಚುತ್ತೆ.

ಹಿರಿಯರು: ಯಾವ ಬಿಸಿಯಲ್ಲಿ?

ಕಿರಿಯಳು: ಚೆನ್ನಾಗಿ ಬೆಳೆಯಬೇಕಾದರೆ ಸಾವಿರ ಡಿಗ್ರಿ ದಾಟಬೇಕು.

ಹಿರಿಯರು: ಇಂಗಾಲ ಉರಿಯೋದು 500ರಿಂದ, ಬಾಗಿಲು ಮುಚ್ಚೋದು 1,000ದ ಮೇಲೆ. ನಡುವಿನ ಐನೂರು ಡಿಗ್ರಿಯಲ್ಲಿ ಬಾಗಿಲು ತೆರೆದೇ ಇರುತ್ತೆ. ಯಂತ್ರ ಶುರುವಾದಾಗ ಒಂದು ಸಲ, ನಿಲ್ಲಿಸಿದಾಗ ಒಂದು ಸಲ ಆ ನಡುಬಿಸಿಯನ್ನ ಹಾದುಹೋಗಲೇಬೇಕು. 1,400ರಲ್ಲಿ ಗಟ್ಟಿಯಾಗಿ ನಿಂತದ್ದು 700ರಲ್ಲಿ ಸದ್ದಿಲ್ಲದೆ ಟೊಳ್ಳಾಗುತ್ತೆ. ನಮ್ಮ ಇಟ್ಟಿಗೆಗೂ ಕಾಯಿಸೋ ಹೊತ್ತೇ ಶತ್ರು. ಬರ್ನರ್ ಹಚ್ಚಿ ನಿಧಾನಕ್ಕೆ ಕಾಯಿಸುವಾಗ ಮುಖದ ಗ್ರಾಫೈಟ್ ಸುಟ್ಟುಹೋದರೆ ಆಮೇಲೆ ಕಿಟ್ಟ ಒಳಗೆ ನುಗ್ಗುತ್ತೆ.

ಕಿರಿಯಳು: ಇದು ನನಗೂ ನಿದ್ದೆ ಕೆಡಿಸೋ ಪ್ರಶ್ನೆ. ಕಾರ್ಬನ್ ನಾರಿನ ಸಿಲಿಕಾನ್ ಕಾರ್ಬೈಡ್ ವಸ್ತುಗಳಲ್ಲೂ ಇದೇ ನಡುಬಿಸಿ ತೊಂದರೆ ಇದೆ. ನೀವು ಇಟ್ಟಿಗೆಗೆ ಏನು ಮಾಡ್ತಿದ್ದಿರಿ?

ಹಿರಿಯರು: ಅಲ್ಯೂಮಿನಿಯಂ ಪುಡಿ, ಸಿಲಿಕಾನ್ ಪುಡಿ ಬೆರೆಸಿರ್ತಾರೆ. ಒಳಗೆ ಬಂದ ಆಮ್ಲಜನಕವನ್ನ ಇಂಗಾಲಕ್ಕಿಂತ ಮುಂಚೆ ಅವು ಹಿಡಿದುಕೊಳ್ಳುತ್ತವೆ, ಹಿಡಿದು ಉಬ್ಬಿ ರಂಧ್ರ ತುಂಬುತ್ತವೆ. ದುಬಾರಿ ಇಟ್ಟಿಗೆಗೆ ಬೋರಾನ್ ಕಾರ್ಬೈಡ್ ಹಾಕ್ತಾರೆ. ಅದು ಉರಿದು ಬೋರಾನ್ ಆಕ್ಸೈಡ್ ಆಗುತ್ತೆ. ಅದು ಕರಗೋದು 450 ಡಿಗ್ರಿಯ ಹತ್ತಿರ.

ಕಿರಿಯಳು: ಅಂದರೆ ನಡುಬಿಸಿಯಲ್ಲೇ ಗಾಜಿನ ಥರ ಹರಿದು ಬಾಯಿ ಮುಚ್ಚುತ್ತೆ. ಜಿರ್ಕೋನಿಯಂ ಡೈಬೋರೈಡ್, ಸಿಲಿಕಾನ್ ಕಾರ್ಬೈಡ್ ಬೆರೆತ ಸೆರಾಮಿಕ್‌ನಲ್ಲಿ ಆ ಬೋರಾನ್ ಮೊದಲೇ ಇದೆ! ಕೆಳಗಿನ ಬಿಸಿಯಲ್ಲಿ ಬೋರಾನ್ ಗಾಜು, ಮೇಲಿನ ಬಿಸಿಯಲ್ಲಿ ಸಿಲಿಕಾ ಗಾಜು. ಅತಿ ಹೆಚ್ಚು ಬಿಸಿಗೆ ಗ್ರಾಫೀನ್ ಹಾಕೋದಾದರೆ ಅದಕ್ಕೇ ಹಾಕಬೇಕು ಅಂತ ನಾನು ವಾದ ಮಾಡೋದು ಇದಕ್ಕೇ.

ಹಿರಿಯರು: ಬೋರಾನ್ ಗಾಜು ಬಿಸಿ ಏರಿದ ಹಾಗೆ ಆವಿಯಾಗಿ ಹೋಗುತ್ತೆ. ಗಾಳಿಯಲ್ಲಿ ತೇವ ಇದ್ದರೆ ಇನ್ನೂ ಬೇಗ.

ಕಿರಿಯಳು: ಹೋಗುತ್ತೆ. ಆದರೆ ಅದು ಪೂರ್ತಿ ಹೋಗೋ ಹೊತ್ತಿಗೆ ಸಿಲಿಕಾ ಬಂದು ಸೇರಿರುತ್ತೆ. ಟರ್ಬೈನಿನ ತೇವದ ಗಾಳಿ ಸಿಲಿಕಾವನ್ನೂ ತಿನ್ನುತ್ತೆ. ಲೀಪ್ ಕವಚದ ಮೇಲೆ ಅದಕ್ಕೇ ಇನ್ನೊಂದು ರಕ್ಷಣಾ ಲೇಪ ಇರೋದು.

ಹಿರಿಯರು: ಲೇಪ ಅಂದಾಗ ಕೊಲಂಬಿಯಾ ನೆನಪಾಗುತ್ತೆ. ಆ ಬಾಹ್ಯಾಕಾಶ ನೌಕೆಯ ರೆಕ್ಕೆಯ ಅಂಚು ಇಂಗಾಲದ್ದೇ, ಇಂಗಾಲದ ನಾರನ್ನ ಇಂಗಾಲದಲ್ಲೇ ಹುದುಗಿಸಿದ್ದು. ಉರಿಯದಿರಲಿ ಅಂತ ಮೇಲೆ ಸಿಲಿಕಾನ್ ಕಾರ್ಬೈಡ್ ಪದರ. 2003ರ ಜನವರಿಯಲ್ಲಿ ಮೇಲೇರುವಾಗ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡು ಎಡ ರೆಕ್ಕೆಗೆ ಬಡಿಯಿತು. ಫೆಬ್ರವರಿ 1ಕ್ಕೆ ವಾಪಸ್ ಬರುವಾಗ ಆ ತೂತಿನಿಂದ ಬಿಸಿಗಾಳಿ ನುಗ್ಗಿತು. ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದರು. ಇಂಗಾಲವನ್ನ ತೆಳು ಪದರದ ಭರವಸೆಯಲ್ಲಿ ಇಟ್ಟರೆ ಪದರ ಒಡೆದ ದಿನ ಏನೂ ಉಳಿಯೋದಿಲ್ಲ.

ಕಿರಿಯಳು: ಅದೇ ಘಟನೆಯನ್ನ ನಾನು ಇನ್ನೊಂದು ಕಡೆಯಿಂದ ನೋಡ್ತೀನಿ. ಆ ರೆಕ್ಕೆ ಬಿಸಿಗೆ ಸೋಲಲಿಲ್ಲ, ಹೊಡೆತಕ್ಕೆ ಸೋತಿತು. ಅದು ಹಗುರವಾದ ಫೋಮಿನ ಹೊಡೆತ. ಬಿಸಿ ತಡೆದರೆ ಸಾಲದು, ಹೊಡೆತ ಬಿದ್ದಾಗ ಬಿರುಕು ಓಡದೆ ನಿಲ್ಲಬೇಕು. ನನ್ನ ಕೆಲಸ ಇರೋದೇ ಅಲ್ಲಿ. ಇಂಗಾಲವೇ ಬೇಡ ಅನ್ನೋದು ಉತ್ತರವಲ್ಲ. ಇಸ್ರೊ 2024ರಲ್ಲಿ ಪಿಎಸ್‌ಎಲ್‌ವಿಯ ಕೊನೆಯ ಹಂತಕ್ಕೆ ಇಂಗಾಲ-ಇಂಗಾಲದ ನಾಜಲ್ ಮಾಡಿ ಪರೀಕ್ಷಿಸಿತು. ಲೋಹದ ನಾಜಲ್‌ಗಿಂತ ಸುಮಾರು 67 ಶೇಕಡಾ ತೂಕ ಕಡಿಮೆ, ಅದರಿಂದ ರಾಕೆಟ್ ಇನ್ನೂ 15 ಕಿಲೊ ಹೊರಬಲ್ಲದು. ಅದಕ್ಕೂ ಉರಿಯದಿರೋಕೆ ಸಿಲಿಕಾನ್ ಕಾರ್ಬೈಡ್ ಲೇಪವೇ. ನಮ್ಮ ವಸ್ತುವಿನಲ್ಲಿ ಲೆಕ್ಕ ತಲೆಕೆಳಗು. ಅಲ್ಲಿ ಮೈಯೆಲ್ಲ ಇಂಗಾಲ, ಹೊದಿಕೆ ಸೆರಾಮಿಕ್. ಇಲ್ಲಿ ಮೈಯೆಲ್ಲ ಸೆರಾಮಿಕ್, ಇಂಗಾಲ ನೂರಕ್ಕೆ ಎರಡು. ಒಂದು ಕಡೆ ಕೆತ್ತಿಹೋದರೂ ಉರಿಯೋದು ಅಷ್ಟೇ ಆಳ.

ಹಿರಿಯರು: ಹಾಳೆಗಳು ಒಂದಕ್ಕೊಂದು ತಾಗದೆ ಇದ್ದರೆ ಸರಿ. ತಾಗಿ ಸರಪಳಿ ಆದರೆ ಬೆಂಕಿ ಆ ಸರಪಳಿ ಹಿಡಿದು ಒಳಗೆ ಹೋಗುತ್ತೆ.

ಕಿರಿಯಳು: ಅದಕ್ಕೆ ಪ್ರಮಾಣ ಮಿತಿಯಲ್ಲಿರಬೇಕು. ಆದರೆ ಸರಪಳಿಯಿಂದ ಒಂದು ಲಾಭವೂ ಇದೆ. ಹಾಳೆಗಳು ತಾಗಿಕೊಂಡರೆ ವಿದ್ಯುತ್ ಹರಿಯದ ಸೆರಾಮಿಕ್‌ನಲ್ಲೂ ವಿದ್ಯುತ್ ಹರಿಯುತ್ತೆ. ಆಗ ವಜ್ರದ ಚಕ್ರದಿಂದ ದಿನಗಟ್ಟಲೆ ಉಜ್ಜೋ ಬದಲು ಕಿಡಿ ಹಾರಿಸಿ ಕೊರೆಯೋ ಇಡಿಎಂ ಯಂತ್ರದಲ್ಲಿ ಬೇಕಾದ ಆಕಾರ ಕೊಡಬಹುದು.

ಹಿರಿಯರು: ಅದು ಒಳ್ಳೆಯ ಲಾಭ. ಬಿಸಿ ಹರಿಯೋದು?

ಕಿರಿಯಳು: ತೇಲಿಬಿಟ್ಟ ಒಂಟಿ ಹಾಳೆಯಲ್ಲಿ 2008ರ ಸುಮಾರಿಗೆ ಅಳೆದದ್ದು 5,000 ವಾಟ್ ಪ್ರತಿ ಮೀಟರ್ ಕೆಲ್ವಿನ್, ತಾಮ್ರದ್ದು 400. ಸೆರಾಮಿಕ್‌ನೊಳಗೆ ಅದರ ಹತ್ತಿರವೂ ಬರೋದಿಲ್ಲ. ಹಾಳೆಗೂ ಕಣಕ್ಕೂ ನಡುವಿನ ಗಡಿಯಲ್ಲೇ ಬಿಸಿ ತಡೆದು ನಿಲ್ಲುತ್ತೆ. ಹಾಳೆ ಮಲಗಿದ ದಿಕ್ಕಿನಲ್ಲಿ ಸ್ವಲ್ಪ ಹೆಚ್ಚುತ್ತೆ, ಅಡ್ಡ ದಿಕ್ಕಿನಲ್ಲಿ ಕಡಿಮೆಯಾಗುತ್ತೆ. ಬಿಸಿಯನ್ನ ಅಗಲಕ್ಕೆ ಹರಡಿ ಒಳಕ್ಕೆ ಬಿಡದಿರೋ ಕಡೆ ಅದೇ ಬೇಕಾದ್ದು.

ಹಿರಿಯರು: ಇನ್ನೊಂದು. ನಿನ್ನ ಹಾಳೆ ಕಣಗಳನ್ನ ಬೆಳೆಯೋಕೆ ಬಿಡೋದಿಲ್ಲ, ಸಣ್ಣದಾಗೇ ಇಡುತ್ತೆ. ತಣ್ಣಗಿದ್ದಾಗ ಸಣ್ಣ ಕಣ ಒಳ್ಳೆಯದು. ಬಿಸಿಯಲ್ಲಿ ಭಾರ ಹೊತ್ತು ತಿಂಗಳುಗಟ್ಟಲೆ ನಿಂತರೆ ಸಣ್ಣ ಕಣದ ವಸ್ತುವೇ ಬೇಗ ಜಾರುತ್ತೆ, ಆಕಾರ ಕೆಡುತ್ತೆ. ಇದಕ್ಕೇನು ಹೇಳ್ತೀಯ?

ಕಿರಿಯಳು: ಜಾರೋದು ಕಣದ ಅಂಚಿನಲ್ಲಿ. ಆ ಅಂಚಿನಲ್ಲೇ ಹಾಳೆ ಕೂತು ಪರಮಾಣು ಅಲೆಯದಂತೆ ತಡೆಯಬಹುದು. ಅದೇ ಹಾಳೆ ತನ್ನ ಪದರಗಳ ನಡುವೆ ಜಾರಿ ಅಂಚನ್ನ ಸಡಿಲ ಮಾಡಲೂಬಹುದು. ಯಾವುದು ಗೆಲ್ಲುತ್ತೆ ಅನ್ನೋದು ಹಾಳೆಯ ದಪ್ಪ, ದಿಕ್ಕು, ಭಾರ ಬೀಳೋ ದಿಕ್ಕನ್ನ ಅವಲಂಬಿಸಿದೆ. ಇದಕ್ಕೆ ಒಂದೇ ಉತ್ತರ ನನ್ನ ಹತ್ತಿರ ಇಲ್ಲ.

ಹಿರಿಯರು: ಇಲ್ಲ ಅಂತ ಹೇಳಿದೆಯಲ್ಲ, ಅದು ಸರಿ.

ಕಿರಿಯಳು: ಈಗ ನಾನು ಕೇಳ್ತೀನಿ. ನಿಮ್ಮ ಇಟ್ಟಿಗೆಯಲ್ಲಿ ಹದಿನೈದು ಶೇಕಡಾ ಗ್ರಾಫೈಟ್ ಇದ್ದು ಯಾವ ತೊಂದರೆಯೂ ಇಲ್ಲವಾ?

ಹಿರಿಯರು: ಇದೆ. ಇಂಗಾಲ ಬಹಳ ಕಡಿಮೆ ಇರಬೇಕಾದ ಉಕ್ಕು ಮಾಡುವಾಗ ಇಟ್ಟಿಗೆಯ ಇಂಗಾಲವೇ ಉಕ್ಕಿಗೆ ಸೇರಿಬಿಡುತ್ತೆ. ಜೊತೆಗೆ ಗ್ರಾಫೈಟ್ ಬಿಸಿಯನ್ನ ಹೊರಗಿನ ಕಬ್ಬಿಣದ ಕವಚಕ್ಕೆ ಸಾಗಿಸುತ್ತೆ. ಉಕ್ಕು ತಣ್ಣಗಾಗುತ್ತೆ, ಇಂಧನ ಹಾಳು. ಅದಕ್ಕೆ ಇಂಗಾಲ 5 ಶೇಕಡಾದ ಒಳಗೆ ತರಬೇಕು ಅಂತ ಎಲ್ಲ ಕಡೆ ಒದ್ದಾಡ್ತಿದಾರೆ. ಸುಮ್ಮನೆ ಕಡಿಮೆ ಮಾಡಿದರೆ ಇಟ್ಟಿಗೆ ಒಡೆಯುತ್ತೆ.

ಕಿರಿಯಳು: ತೆಳು ಹಾಳೆ ಹಾಕಿ ಕಡಿಮೆ ಮಾಡಿ. ಅದೇ ಪ್ರಮಾಣದಲ್ಲಿ ಸಾವಿರ ಪಟ್ಟು ಹಾಳೆ ಸಿಗುತ್ತೆ. ಲೀಪ್ ಎಂಜಿನ್ ಕನಸು ಪಕ್ಕಕ್ಕಿಡಿ, ನಿಮ್ಮ ಲ್ಯಾಡಲ್‌ನಲ್ಲೇ ಗ್ರಾಫೀನ್‌ಗೆ ಜಾಗ ಇದೆ.

ಹಿರಿಯರು: ಇದು ನನ್ನ ತಲೆಗೆ ಹತ್ತೋ ಮಾತು. ಇಟ್ಟಿಗೆ ಮುಖದಿಂದ ಸವೆಯುತ್ತಾ ಹೋಗೋದು ನಮಗೆ ಹೊಸದಲ್ಲ, ಉಳಿದದ್ದನ್ನ ಅಳೆದು ಬದಲಾಯಿಸ್ತೀವಿ. ಸ್ವಲ್ಪ ಉರಿದರೂ ಯಾರ ಪ್ರಾಣಕ್ಕೂ ಅಪಾಯ ಇಲ್ಲ. ಆದರೆ ಒಂದು ಲ್ಯಾಡಲ್‌ಗೆ ಟನ್‌ಗಟ್ಟಲೆ ಇಟ್ಟಿಗೆ ಬೇಕು. ನಿನ್ನ ಸ್ಪಾರ್ಕ್ ಯಂತ್ರ ಬಿಲ್ಲೆ ಮಾಡುತ್ತೆ. ಇಟ್ಟಿಗೆಯನ್ನ ಒತ್ತಿ, ರಾಳ ಹಾಕಿ ಒಣಗಿಸಿ ಮಾಡಬೇಕು, ರಂಧ್ರ ಇದ್ದೇ ಇರುತ್ತೆ. ಅಲ್ಲಿ ಬೆಲೆ ಕಿಲೊ ಲೆಕ್ಕದಲ್ಲಿ ನೋಡ್ತಾರೆ.

ಕಿರಿಯಳು: ಬೆಲೆ ಇಳೀತಾ ಬರ್ತಿದೆ. ರಂಧ್ರದ ಮಾತು ಕಷ್ಟದ್ದು, ಅದಕ್ಕೆ ನಿಮ್ಮ ಬೋರಾನ್ ಕಾರ್ಬೈಡೇ ಬೇಕು. ಆದರೆ ಟರ್ಬೈನಿನ ಬಾಗಿಲು ಮುಚ್ಚಬೇಡಿ. ಗಾಳಿ ತಾಗದ ಜಾಗಗಳೂ ಇವೆ, ನಿರ್ವಾತದಲ್ಲಿ, ಆರ್ಗಾನ್‌ನಲ್ಲಿ ಕೆಲಸ ಮಾಡೋ ಭಾಗಗಳು, ಕೆಲವೇ ನಿಮಿಷ ಉರಿದು ಮುಗಿಯೋ ರಾಕೆಟ್ ಭಾಗಗಳು. ಅಲ್ಲಿ ಇಂಗಾಲದ ದೋಷ ಲೆಕ್ಕಕ್ಕೆ ಬರೋದಿಲ್ಲ, ಗುಣ ಮಾತ್ರ ಉಳಿಯುತ್ತೆ.

ಹಿರಿಯರು: ಅಲ್ಲಿಗೆ ನನ್ನ ತಕರಾರಿಲ್ಲ. ಜನ ಕೂತು ಹಾರೋ ಯಂತ್ರದ ಬಿಸಿ ಭಾಗಕ್ಕೆ ಮಾತ್ರ ಇನ್ನೂ ಬೇಡ ಅನ್ನೋ ಮಾತಿನಿಂದ ನಾನು ಸರಿಯೋದಿಲ್ಲ.

ಕಿರಿಯಳು: ನಾನೂ ಸರಿಯೋದಿಲ್ಲ. ಬೋರಾನ್ ಇರೋ ಸೆರಾಮಿಕ್‌ನಲ್ಲಿ ಅದು ನಡುಬಿಸಿಯನ್ನ ದಾಟುತ್ತೆ ಅಂತ ನನ್ನ ನಂಬಿಕೆ.

ಹಿರಿಯರು: ನಂಬು, ಆದರೆ ತೋರಿಸು. ಪ್ರಬಂಧ ಬರೆಯುವಾಗ ತಣ್ಣಗಿನ ಅಂಕಿಯ ಪಕ್ಕದಲ್ಲೇ 700 ಡಿಗ್ರಿಯದ್ದನ್ನೂ 1,300ರದ್ದನ್ನೂ ಬರಿ. ಗಾಳಿಯಲ್ಲಿ ಅಳೆದದ್ದೋ ಆರ್ಗಾನ್‌ನಲ್ಲೋ ಅಂತ ಬರಿ. ಎಷ್ಟು ಗಂಟೆ ನಿಲ್ಲಿಸಿದೆ, ಎಷ್ಟು ಸಲ ಕಾಯಿಸಿ ಆರಿಸಿದೆ ಅಂತ ಬರಿ. ಮುರಿದುಹೋದ ಪಟ್ಟಿಗಳ ಅಂಕಿಯನ್ನ ಬಿಡಬೇಡ. ನಿನ್ನ ವಾರಿಗೆಯ ಹುಡುಗ ಹುಡುಗಿಯರಿಗೂ ಇದನ್ನೇ ಹೇಳು.